ಮನೆ ಶೆಡ್ಡಿನ ಮಿನಿ ಲೇತಿನಲ್ಲಿ ಗೇರ್ ನಾಬ್: ದುಡ್ಡು ಸುರಿಯುವ ಮುಂಚೆ ಇದನ್ನು ಓದಿ

ಸುಟ್ಟ ಕಂಟ್ರೋಲ್ ಬೋರ್ಡು, ಹಲ್ಲು ಉದುರಿದ ಪ್ಲಾಸ್ಟಿಕ್ ಗೇರು, ಸ್ಟೇನ್‌ಲೆಸ್ ತುಂಡಿನೊಳಗೆ ಮುರಿದು ಕೂತ ಟ್ಯಾಪು (ತೂತಿನೊಳಗೆ ತಿರುಪಿನ ಥ್ರೆಡ್ ಕೊರೆಯುವ ಉಪಕರಣ), ಕಾರಿನ ಲಿವರಿನ ಮೇಲೆ ಎರಡೇ ಸುತ್ತಿಗೆ ಕಚ್ಚಿಕೊಂಡು ಹಿಂದಕ್ಕೂ ಬಾರದ ಗೇರ್ ನಾಬು (ಲಿವರ್ ತುದಿಯ ಹಿಡಿ). ಕಾರ್ ಶೆಡ್ಡಿನಲ್ಲಿ ಕೂರಿಸಿದ ಒಂದು 7×14 ಮಿನಿ ಲೇತು (ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಯಂತ್ರ; 7 ಇಂಚು ವ್ಯಾಸ, 14 ಇಂಚು ಉದ್ದದ ಲೆಕ್ಕ) ಕೊನೆಗೆ ಕೊಟ್ಟ ಫಲ ಇಷ್ಟು. ಆನ್‌ಲೈನಿನಲ್ಲಿ ಮಾರಿದವರು ಹೇಳಿದ್ದು ಬೇರೆ: ಪೆಟ್ಟಿಗೆ ಬಿಚ್ಚಿ, ಪ್ಲಗ್ ಹಾಕಿ, 180 ಮಿ.ಮೀ. ವ್ಯಾಸದವರೆಗೆ ಏನು ಬೇಕಾದರೂ ಮಾಡಿಕೊಳ್ಳಿ. 50 ಮಿ.ಮೀ. ನಾಬಿಗೆ ಅದು ಧಾರಾಳವಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನಾಬ್ ಮಾಡುವವರಿಗೆ ಜಾಹೀರಾತಿನ ದೊಡ್ಡ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ತುಂಡನ್ನು ಕಚ್ಚಿ ಹಿಡಿಯುವ ಚಕ್ ಎಷ್ಟು ದಪ್ಪ ಹಿಡಿಯುತ್ತದೆ, ಆ ಚಕ್ಕನ್ನು ತಿರುಗಿಸುವ ಸ್ಪಿಂಡಲ್ಲಿನ ತೂತು ಎಷ್ಟು, ನಿಧಾನವಾಗಿ ತಿರುಗಿಸಿದಾಗ ಮೋಟರಿಗೆ ದಮ್ಮು ಎಷ್ಟು ಉಳಿಯುತ್ತದೆ, ಇವೇ ಎಲ್ಲವನ್ನೂ ತೀರ್ಮಾನಿಸುವುದು. ಮಾರುವವರು ಬಾಯಿ ಬಿಡದಿರುವುದೂ ಇವುಗಳ ಬಗ್ಗೆಯೇ.

ಮೊದಲು ಚಕ್. ಈ ಗಾತ್ರದ ಯಂತ್ರದ ಜೊತೆ ಸಾಮಾನ್ಯವಾಗಿ ಬರುವುದು 80 ಮಿ.ಮೀ. ತ್ರೀ-ಜಾ ಚಕ್, ಅಂದರೆ ಮೂರು ದವಡೆಗಳಿಂದ (ಜಾ) ಹಿಡಿಯುವ ಚಕ್. ಅದರಲ್ಲಿ ಕೂತಿರುವ ಜಾ ಸೆಟ್ ರಾಡನ್ನು ಹೊರಗಿನಿಂದ ಹಿಡಿಯುವುದು ಸುಮಾರು 22 ಮಿ.ಮೀ. ದಪ್ಪದವರೆಗೆ ಮಾತ್ರ. 50 ಮಿ.ಮೀ. ರಾಡ್ ತುರುಕಿದರೆ ಮೂರೂ ಜಾ ಚಕ್ಕಿನ ಮೈ ಬಿಟ್ಟು ಆಚೆ ಚಾಚುತ್ತವೆ, ಒಳಗೆ ಅವನ್ನು ಸರಿಸುವ ಸುರುಳಿ ತಟ್ಟೆಯ (ಸ್ಕ್ರಾಲ್) ಒಂದೆರಡು ಹಲ್ಲಿನ ಮೇಲಷ್ಟೇ ನಿಂತಿರುತ್ತವೆ. ಟೂಲ್ ಒಮ್ಮೆ ಕಚ್ಚಿಕೊಂಡರೆ ತುಂಡು ಹಾರುತ್ತದೆ. ಉಲ್ಟಾ ಜಾ ಸೆಟ್ ಬೇರೆ ಪೊಟ್ಟಣದಲ್ಲಿರುತ್ತದೆ, ಅದನ್ನೇ ಹಾಕಬೇಕು. ಹಾಕುವಾಗ 1, 2, 3 ನಂಬರಿನ ಜಾಗಳನ್ನು ಚಕ್ಕಿನ ಅದೇ ನಂಬರಿನ ಸೀಳಿಗೆ, ಅದೇ ಕ್ರಮದಲ್ಲಿ ಕೂರಿಸಬೇಕು. ಕ್ರಮ ತಪ್ಪಿದರೆ ರಾಡ್ ಮಧ್ಯಕ್ಕೆ ಬರುವುದೇ ಇಲ್ಲ. ಉಲ್ಟಾ ಜಾಗಳ ಹಿಡಿತ ಮೆಟ್ಟಿಲು ಮೆಟ್ಟಿಲಾಗಿದ್ದು ಆಳ ಕಡಿಮೆ. ಅದರಲ್ಲಿ ಮುಖ ಸಮ ಮಾಡಬಹುದು, ತೂತು ಕೊರೆಯಬಹುದು. ಟೇಲ್‌ಸ್ಟಾಕ್ (ಬೆಡ್ಡಿನ ಆಚೆ ತುದಿಯಿಂದ ತುಂಡನ್ನು ಒತ್ತಿ ಹಿಡಿಯುವ ಭಾಗ) ಆಸರೆ ಇಲ್ಲದೆ ಹೊರಮೈ ಟರ್ನಿಂಗ್‌ಗೆ ಹೋಗಬಾರದು. 100 ಮಿ.ಮೀ. ಚಕ್ ಹಾಕಿಸಿಕೊಂಡರೆ ಹಿಡಿತ ಸುಧಾರಿಸುತ್ತದೆ, ಅದಕ್ಕೆ ಸ್ಪಿಂಡಲ್ಲಿಗೆ ಜೋಡಿಸುವ ಬ್ಯಾಕ್‌ಪ್ಲೇಟ್ ಬೇಕಾಗಬಹುದು, ಕೇಳಿಕೊಂಡೇ ಕೊಳ್ಳಿ.

ಸ್ಪಿಂಡಲ್ ತೂತು 20 ಮಿ.ಮೀ. ಅಂದರೆ 50 ಮಿ.ಮೀ. ರಾಡ್ ಹಿಂದಿನಿಂದ ತೂರಿಸಿ, ಮುಂದೆ ಮಾಡಿ, ಕತ್ತರಿಸಿ, ಮತ್ತೆ ಎಳೆಯುವ ಕೆಲಸ ಇಲ್ಲಿ ಆಗದು. ಒಂದೊಂದು ನಾಬಿಗೂ ಬೇರೆ ತುಂಡು ಬೇಕು. ಲೋಹದ ಅಂಗಡಿಯಲ್ಲೇ 60–65 ಮಿ.ಮೀ. ಉದ್ದಕ್ಕೆ ಬ್ಯಾಂಡ್‌ಸಾದಲ್ಲಿ ಕತ್ತರಿಸಿ ಕೊಡಲು ಹೇಳಿ. ಪಾರ್ಟಿಂಗ್ ಟೂಲಿನಲ್ಲಿ (ತಿರುಗುವ ರಾಡನ್ನು ತುಂಡರಿಸುವ ತೆಳು ಬ್ಲೇಡ್) 50 ಮಿ.ಮೀ. ಕತ್ತರಿಸುತ್ತೇನೆ ಅಂತ ಹೊರಟರೆ ಟೂಲನ್ನು ಅಡ್ಡಕ್ಕೆ ಸರಿಸುವ ಈ ಯಂತ್ರದ ಕ್ರಾಸ್ ಸ್ಲೈಡ್ ಅದುರುತ್ತದೆ, ಬ್ಲೇಡ್ ಸಿಕ್ಕಿಹಾಕಿಕೊಳ್ಳುತ್ತದೆ, ಮೊದಲು ಬ್ಲೇಡ್ ಹೋಗುತ್ತದೆ, ಆಮೇಲೆ ಗೇರ್.

ದುಬಾರಿಯಾಗಿ ಬಿದ್ದದ್ದು ಮೂರನೆಯದು, ಮೋಟರಿನ ದಮ್ಮು. ಮೊದಲ ಕೆಲಸಕ್ಕೆ ಆರಿಸಿಕೊಂಡದ್ದು 304 ಸ್ಟೇನ್‌ಲೆಸ್. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಅದಕ್ಕೆ ನಿಮಿಷಕ್ಕೆ ಸುಮಾರು 20 ಮೀಟರ್ ವೇಗ ಅಂದುಕೊಂಡರೆ 50 ಮಿ.ಮೀ. ವ್ಯಾಸದಲ್ಲಿ 127 ಆರ್‌ಪಿಎಂ ಆಗುತ್ತದೆ. ಡಬ್ಬದ ಮೇಲೆ 500 ವ್ಯಾಟ್ ಅಂತ ಬರೆದಿರುವುದು ಮೋಟರ್ ಪೂರ್ತಿ ವೇಗದಲ್ಲಿರುವಾಗಿನ ಮಾತು. ಬೋರ್ಡು ವೋಲ್ಟೇಜ್ ಇಳಿಸಿ ವೇಗ ಇಳಿಸುತ್ತದೆ, ಶಕ್ತಿಯೂ ಅದರ ಜೊತೆಗೇ ಇಳಿಯುತ್ತದೆ. ಟೂಲ್ ಒತ್ತಿದಾಗ ಸ್ಪಿಂಡಲ್ ನಿಂತಿತು, ಮೋಟರ್ ನಿಂತಲ್ಲೇ ಕರೆಂಟ್ ಎಳೆಯಿತು, ಬೋರ್ಡಿನಲ್ಲಿ ಕರೆಂಟ್ ನಿಯಂತ್ರಿಸುವ ಮಾಸ್‌ಫೆಟ್ ಸುಟ್ಟಿತು. ಹೊಸ ಬೋರ್ಡು ಹಾಕಿ ಲೋ ಗೇರಿನಲ್ಲಿ ಮತ್ತೆ ಹೊರಟಾಗ ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರಿತು. ಲೋಹದ ಗೇರ್ ಹಾಕಿಬಿಡೋಣ ಅಂತ ಎಲ್ಲರೂ ಯೋಚಿಸುತ್ತಾರೆ, ಸೆಟ್ ಸಿಗುತ್ತದೆ ಕೂಡ. ಆದರೆ ಆ ಪ್ಲಾಸ್ಟಿಕ್ ಹಲ್ಲು ಫ್ಯೂಸ್ ಇದ್ದ ಹಾಗೆ, ಅದು ಹೋಗಿ ಮೋಟರನ್ನೂ ಬೋರ್ಡನ್ನೂ ಉಳಿಸುತ್ತದೆ. ಬಿಡಿ ಗೇರ್ ಒಂದು ಜೊತೆ ತರಿಸಿಟ್ಟುಕೊಳ್ಳುವುದು ಅಗ್ಗದ ದಾರಿ.

304ರಲ್ಲಿ ಇನ್ನೊಂದು ಗುಣವಿದೆ. ಟೂಲ್ ಕತ್ತರಿಸದೆ ಬರೀ ಉಜ್ಜಿದರೆ ಆ ಮೈ ಗಟ್ಟಿಯಾಗುತ್ತದೆ. ಹೆದರಿ ಹೆದರಿ ಸಣ್ಣ ಸಣ್ಣ ಕಟ್ ಕೊಟ್ಟರೆ, ಮೊಂಡು ಡ್ರಿಲ್ಲಿನಲ್ಲಿ ತೂತು ಕೊರೆದರೆ ಒಳಗೋಡೆ ಗಟ್ಟಿಯಾಗಿ ಕೂತಿರುತ್ತದೆ, ಟ್ಯಾಪು ಅಲ್ಲೇ ಮುರಿಯುತ್ತದೆ. ಮುರಿದ ಎಚ್‌ಎಸ್‌ಎಸ್ ಟ್ಯಾಪನ್ನು ಮನೆಯ ಡ್ರಿಲ್ಲಿನಲ್ಲಿ ತೆಗೆಯಲಾಗದು. ಕಿಡಿಯಿಂದ ಲೋಹ ಕರಗಿಸುವ ಸ್ಪಾರ್ಕ್ ಎರೋಷನ್ ಯಂತ್ರ ಇರುವ ಕಡೆಗೆ ಒಯ್ಯಬೇಕು. ಒಂದು ನಾಬಿನ ತುಂಡಿಗೆ ಯಾರು ಆ ದುಡ್ಡು ಕೊಡುತ್ತಾರೆ?

ಈ ಯಂತ್ರಕ್ಕೆ ಒಗ್ಗುವುದು 6061 ಅಲ್ಯುಮಿನಿಯಂ, ಫ್ರೀ ಕಟಿಂಗ್ ಹಿತ್ತಾಳೆ (ಅಂಗಡಿಯಲ್ಲಿ ಐಎಸ್ 319 ರಾಡ್ ಅಂತ ಕೇಳಿ), ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್. 50 ಮಿ.ಮೀ. ರಾಡಿನ ಮೇಲ್ಪದರ ತೆಗೆದರೆ 48 ಮಿ.ಮೀ. ಗುಂಡು ಧೈರ್ಯವಾಗಿ ಸಿಗುತ್ತದೆ. ಪೂರ್ತಿ ಗುಂಡೆಂದು ಲೆಕ್ಕ ಹಾಕಿದರೆ ಡೆಲ್ರಿನ್ 82 ಗ್ರಾಂ, ಅಲ್ಯುಮಿನಿಯಂ 156, ಸ್ಟೇನ್‌ಲೆಸ್ 463, ಹಿತ್ತಾಳೆ 492. ಭಾರದ ನಾಬ್ ಗೇರನ್ನು ಮೆತ್ತಗೆ ಒಳಗೆಳೆಯುತ್ತದೆ ಅನ್ನುವ ಮೋಹ ಇದೆ, ನಿಜವೂ ಹೌದು. ಆದರೆ ಲಿವರ್ ಉದ್ದವಿದ್ದು, ಒಳಗಿನ ಸ್ಪ್ರಿಂಗ್ ಸವೆದ ಹಳೇ ಗಾಡಿಯಲ್ಲಿ ಅರ್ಧ ಕೆಜಿ ಗುಂಡು ಹಳ್ಳದ ರಸ್ತೆಯಲ್ಲಿ ಗೇರನ್ನು ಹೊರಕ್ಕೆ ಎಳೆಯಲೂ ಬಹುದು. ಇನ್ನು ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬರೀ ಹಿತ್ತಾಳೆ ನಾಬ್ ಮುಟ್ಟಿ ನೋಡಬೇಕು! ಐಎಸ್ 319ರಲ್ಲಿ ಸೀಸ ಇರುತ್ತದೆ. ದಿನವೂ ಕೈ ತಾಗುವ ವಸ್ತುವಾದ್ದರಿಂದ ನಿಕಲ್ ಪ್ಲೇಟಿಂಗ್ ಮಾಡಿಸಿ.

ಯಂತ್ರ ಕೂರಿಸುವಾಗ ಆಗುವ ತಪ್ಪುಗಳು ಬೇರೆಯೇ. ಸುಮಾರು 40 ಕೆಜಿ ತೂಕದ ಲೇತನ್ನು ರಬ್ಬರ್ ಕಾಲಿನ ಮೇಲೆ, ಪ್ಲೈವುಡ್ ಮೇಜಿನ ಮೇಲೆ ಇಟ್ಟು ಓಡಿಸಿದರೆ ಅದುರುವುದಕ್ಕೆ ಇನ್ನೇನೂ ಬೇಡ. ಆ್ಯಂಗಲ್ ವೆಲ್ಡ್ ಮಾಡಿದ ಸ್ಟ್ಯಾಂಡ್, ಮೇಲೆ ದಪ್ಪ ಹಲಗೆ ಅಥವಾ ಪ್ಲೇಟ್, ಅದಕ್ಕೆ ಬೋಲ್ಟ್. ಬೋಲ್ಟ್ ಬಿಗಿಯುವಾಗ ಬೆಡ್ (ಯಂತ್ರದ ಉದ್ದನೆಯ ಎರಕದ ಬುಡ) ತಿರುಚದಂತೆ ಕಾಲಿನಡಿ ತೆಳು ತಗಡಿನ ಶಿಮ್ ಕೊಡಿ. ಪೆಟ್ಟಿಗೆಯಲ್ಲಿ ಬರುವ ಕೆಂಪು ಜಿಗುಟು ಗ್ರೀಸಿನಲ್ಲಿ ಗ್ರೈಂಡಿಂಗ್ ಪುಡಿ ಸೇರಿರುತ್ತದೆ. ಸ್ಲೈಡುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, 68 ಗ್ರೇಡ್ ಸ್ಲೈಡ್‌ವೇ ಎಣ್ಣೆ ಸವರಿ, ಸ್ಲೈಡಿನ ಸಡಿಲ ತೆಗೆಯುವ ಗಿಬ್ ಸ್ಕ್ರೂಗಳನ್ನು ಹ್ಯಾಂಡಲ್ ತುಸು ಬಿಗಿಯಾಗಿ ತಿರುಗುವಷ್ಟಕ್ಕೆ ಹೊಂದಿಸಬೇಕು. ಟೂಲನ್ನು ಕೋನದಲ್ಲಿ ಸರಿಸುವ ಕಾಂಪೌಂಡ್ ಸ್ಲೈಡ್ ಇವುಗಳಲ್ಲಿ ಅತಿ ದುರ್ಬಲ ಭಾಗ. ಕೋನದ ಕೆಲಸ ಇಲ್ಲದಾಗ ಅದನ್ನು ತೆಗೆದು, ಅದರ ಜಾಗದಲ್ಲಿ ಉಕ್ಕಿನ ಗಟ್ಟಿ ದಿಮ್ಮಿ ಕೂರಿಸಿ ಟೂಲ್ ಪೋಸ್ಟ್ ಬಿಗಿದರೆ ಅರ್ಧ ಚಾಟರ್ (ಕತ್ತರಿಸುವಾಗಿನ ಅದುರಾಟ) ಹೋಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಬೆಡ್ಡನ್ನು ಎಣ್ಣೆಬಟ್ಟೆಯಿಂದ ಮುಚ್ಚದೆ ಬಿಟ್ಟರೆ ತುಕ್ಕು ಬೇಗ ಹಿಡಿಯುತ್ತದೆ.

ಕರೆಂಟಿನ ವಿಷಯ ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ಅಮೆರಿಕದ ಅಂಗಡಿಯಿಂದ ತರಿಸಿದ ಯಂತ್ರ 110 ವೋಲ್ಟಿನದು, ನಮ್ಮ 230ಕ್ಕೆ ನೇರ ಹಾಕಿದ ಕ್ಷಣವೇ ಬೋರ್ಡು ಮುಗಿದಂತೆ. ಅರ್ಥಿಂಗ್ ಇಲ್ಲದ ಶೆಡ್ಡಿನ ಪ್ಲಗ್ ಬಳಸಬೇಡಿ, ಕರೆಂಟ್ ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ಕಂಟ್ರೋಲ್ ಬಾಕ್ಸಿನ ಸಂದುಗಳಿಂದ ಅಲ್ಯುಮಿನಿಯಂ ಚೂರು ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆಗುವುದು ಈ ಯಂತ್ರಗಳ ಹಳೇ ರೋಗ. ಪ್ಲಗ್ ತೆಗೆದು, ಸಂದುಗಳಿಗೆ ತಗಡಿನ ಮರೆ ಕಟ್ಟಿ. ಗಾಳಿ ಆಡುವ ಜಾಗ ಮಾತ್ರ ಬಿಡಿ. ಏಪ್ರನ್ನಿನ (ಟೂಲ್ ಹೊತ್ತು ಸರಿಯುವ ಭಾಗದ ಮುಂದಿನ ಫಲಕ) ಹಿಂಬದಿಯ ಗೇರುಗಳೂ ಬಯಲಾಗೇ ಇರುತ್ತವೆ, ಅಲ್ಲಿಗೂ ಒಂದು ಮರೆ ಬೇಕು.

ಥ್ರೆಡ್ಡಿನ ಬಗ್ಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಚೆನ್ನಾಗಿ ಪಾಲಿಶ್ ಆದ ನಾಬುಗಳು ಹಾಳಾಗುವುದು ಇಲ್ಲಿ. ಹೋಂಡಾದಲ್ಲಿ ಸಾಮಾನ್ಯವಾಗಿ ಎಂ10×1.5 (10 ಮಿ.ಮೀ. ವ್ಯಾಸ, ಎರಡು ಥ್ರೆಡ್ಡುಗಳ ನಡುವಿನ ಅಂತರ ಅಂದರೆ ಪಿಚ್ 1.5 ಮಿ.ಮೀ.), ಮಜ್ದಾದಲ್ಲಿ ಎಂ10×1.25, ಟೊಯೋಟಾ ಮತ್ತು ಸುಬಾರುಗಳಲ್ಲಿ ಎಂ12×1.25. ಪಟ್ಟಿ ನಂಬಿ ಟ್ಯಾಪ್ ಕೊಳ್ಳಬೇಡಿ, ಹಳೇ ನಾಬ್ ಬಿಚ್ಚಿ ಪಿಚ್ ಗೇಜ್ ಇಟ್ಟು ನೋಡಿ. ಗೇಜ್ ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಎಂ10 ನಟ್ಟು 1.5 ಪಿಚ್ಚಿನದು, ಅದು ಕೈಯಲ್ಲೇ ಕೊನೆಯವರೆಗೆ ಹೋದರೆ ಲಿವರೂ 1.5. ಎರಡು ಸುತ್ತಿಗೆ ನಿಂತರೆ ನಿಲ್ಲಿಸಿಬಿಡಿ, ಪಾನಾ ಹಾಕಬೇಡಿ. 12ರ ಲಿವರಿಗೆ ಮಾರುತಿಯ ಚಕ್ರದ ನಟ್ಟೇ ಗೇಜು, ಅದು ಎಂ12×1.25. ಮೇಲೆ ಹೇಳಿದ ನಾಬು ಕಚ್ಚಿಕೊಂಡದ್ದು 1.25ರ ಲಿವರಿಗೆ ಹೋಗಬೇಕಾದ ನಾಬಿಗೆ 1.5ರ ಟ್ಯಾಪ್ ಹಾಕಿದ್ದಕ್ಕೆ. ಬಿಡಿಸುವ ಹೊತ್ತಿಗೆ ಲಿವರಿನ ಥ್ರೆಡ್ಡೂ ಹೋಗಿತ್ತು. ಫೋಕ್ಸ್‌ವ್ಯಾಗನ್, ಸ್ಕೋಡಾದ ಹಲವು ಗಾಡಿಗಳಲ್ಲಿ ಥ್ರೆಡ್ಡೇ ಇರುವುದಿಲ್ಲ, ಕ್ಲಿಪ್ಪಿನ ಹಿಡಿತ. ಅಲ್ಲಿ ರಿವರ್ಸಿಗೆ ನಾಬನ್ನು ಕೆಳಕ್ಕೆ ಒತ್ತಬೇಕು, ಹಾಗಾಗಿ ಒಂದೇ ಒಂದು ಗ್ರಬ್ ಸ್ಕ್ರೂ (ಬದಿಯಿಂದ ಒತ್ತಿ ಹಿಡಿಯುವ ತಲೆಯಿಲ್ಲದ ತಿರುಪು) ನಂಬಬಾರದು. 120 ಡಿಗ್ರಿಗೊಂದರಂತೆ ಮೂರು ಎಂ5 ಹಾಕಿ. ರಿವರ್ಸಿಗೆ ರಿಂಗ್ ಎತ್ತುವ ಗಾಡಿಯಾದರೆ ರಿಂಗ್ ಪೂರ್ತಿ ಮೇಲೇಳುವಷ್ಟು ಜಾಗ ನಾಬಿನ ಕೆಳಗೆ ಉಳಿಯಬೇಕು.

ಮಾಡುವ ಕ್ರಮದಲ್ಲಿ ಹೆಚ್ಚಿನವರು ಮೊದಲು ಗುಂಡು ಮಾಡಿ ಆಮೇಲೆ ತೂತಿಗೆ ಬರುತ್ತಾರೆ. ಗುಂಡನ್ನು ಮೂರು ಜಾ ಹಿಡಿಯುವುದಾದರೂ ಹೇಗೆ? ತೂತು ಮತ್ತು ಥ್ರೆಡ್ ಮೊದಲು. ಉಲ್ಟಾ ಜಾಗಳಲ್ಲಿ ತುಂಡು ಹಿಡಿದು ಎರಡೂ ಮುಖ ಸಮ ಮಾಡಿ, ಎರಡೂ ಕಡೆ ಸೆಂಟರ್ ಡ್ರಿಲ್ ಹಾಕಿಕೊಳ್ಳಿ. ಬುಡದ ಕಡೆಯಿಂದ 30 ಮಿ.ಮೀ. ಆಳ ಕೊರೆಯಿರಿ: ಎಂ10×1.5ಕ್ಕೆ 8.5, ಎಂ10×1.25ಕ್ಕೆ 8.8, ಎಂ12×1.25ಕ್ಕೆ 10.8 ಮಿ.ಮೀ. ಡ್ರಿಲ್. ಹಿತ್ತಾಳೆಯಲ್ಲಿ ಮಾಮೂಲು ಡ್ರಿಲ್ ತಾನೇ ಒಳಕ್ಕೆ ಎಳೆದುಕೊಂಡು ಟೇಲ್‌ಸ್ಟಾಕ್ ಚಕ್ಕಿನಲ್ಲಿ ಜಾರುತ್ತದೆ. ಡ್ರಿಲ್ಲಿನ ಎರಡೂ ಕತ್ತರಿಸುವ ಅಂಚನ್ನು ಎಣ್ಣೆಕಲ್ಲಿನಲ್ಲಿ ಕೂದಲೆಳೆಯಷ್ಟು ಚಪ್ಪಟೆ ಮಾಡಿಕೊಂಡರೆ ಈ ಕಾಟ ನಿಲ್ಲುತ್ತದೆ. ಟ್ಯಾಪ್ ಹಾಕುವಾಗ ಪ್ಲಗ್ ತೆಗೆದು, ಟೇಲ್‌ಸ್ಟಾಕ್ ಸೆಂಟರಿನ ಆಸರೆಯಲ್ಲಿ ಕೈಯಿಂದಲೇ ತಿರುಗಿಸಿ. ಮೂರರ ಸೆಟ್ಟಿನಲ್ಲಿ ಒಂದರ ನಂತರ ಒಂದು. 15 ಮಿ.ಮೀ. ಪೂರ್ತಿ ಥ್ರೆಡ್ ಸಿಕ್ಕರೆ ಸಾಕು.

ಆಮೇಲೆ ಮ್ಯಾಂಡ್ರಲ್, ಅಂದರೆ ನಾಬನ್ನು ತಿರುಗಿಸಿ ಕೂರಿಸಿಕೊಂಡು ಕೆತ್ತುವ ರಾಡು. 20 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಅಥವಾ ಇಎನ್8 ಉಕ್ಕಿನ ರಾಡನ್ನು ಈಗ ಚಕ್ಕಿನ ಮೊದಲಿನ (ಉಲ್ಟಾ ಅಲ್ಲದ) ಜಾ ಸೆಟ್ಟಿನಲ್ಲಿ ಹಿಡಿದು, ತುದಿಯನ್ನು ನಾಬಿನ ಥ್ರೆಡ್ಡಿನ ಆಳಕ್ಕಿಂತ ತುಸು ಕಡಿಮೆ ಉದ್ದಕ್ಕೆ ಇಳಿಸಿ, ಅದೇ ಥ್ರೆಡ್ಡಿನ ಡೈ (ಹೊರಥ್ರೆಡ್ ಕೊರೆಯುವ ಉಪಕರಣ) ಹಾಕಿ, ಬುಡದಲ್ಲಿ ಸಣ್ಣ ಅಂಡರ್‌ಕಟ್ (ಗೀರು) ಕೊಟ್ಟು ಭುಜ ಚೌಕವಾಗಿ ನಿಲ್ಲುವಂತೆ ಮಾಡಿ. ನಾಬ್ ಮುಗಿಯುವವರೆಗೆ ಈ ರಾಡನ್ನು ಚಕ್ಕಿನಿಂದ ಬಿಚ್ಚಬೇಡಿ. ಹೀಗೆ ಮಾಡಿದರೆ ಚಕ್ 0.05–0.08 ಮಿ.ಮೀ. ಓಡಾಡಿದರೂ ನಾಬಿಗೆ ತೊಂದರೆಯಿಲ್ಲ. ಚಕ್ ನಿಖರವಾಗಿಲ್ಲ ಅಂತ ಡಯಲ್ ಗೇಜ್ ಹಿಡಿದು ಕೊರಗುವವರು ಈ ಒಂದು ಕೆಲಸದಲ್ಲಿ ನಿಶ್ಚಿಂತೆಯಾಗಿರಬಹುದು. ಭುಜಕ್ಕೂ ತುಂಡಿಗೂ ಮಧ್ಯೆ ಒಂದು ಫೈಬರ್ ವಾಷರ್ ಇಡಿ, ಇಲ್ಲದಿದ್ದರೆ ಕಟ್ಟಿನ ಒತ್ತಡಕ್ಕೆ ಬಿಗಿದು ಕೂತು ಬಿಡಿಸಲು ಬರುವುದಿಲ್ಲ. ಬಲಗೈ ಥ್ರೆಡ್ ಆದ್ದರಿಂದ ಮುಂದಕ್ಕೆ ತಿರುಗುವಾಗ ತುಂಡು ಬಿಗಿಯುತ್ತದೆ. ರಿವರ್ಸ್ ಒತ್ತಿದರೆ, ಥಟ್ಟನೆ ಬ್ರೇಕ್ ಆಗುವ ಬ್ರಷ್‌ಲೆಸ್ ಯಂತ್ರದಲ್ಲಿ ನಿಲ್ಲಿಸಿದರೆ, ಬಿಚ್ಚಿಕೊಂಡು ಬರಬಹುದು.

ಗುಂಡಿನ ಆಕಾರಕ್ಕೆ ಮೊದಲು ಮೆಟ್ಟಿಲು ಕಟ್. 48 ಮಿ.ಮೀ. ಗುಂಡಿಗೆ ತುದಿಯಿಂದ 20 ಮಿ.ಮೀ. ಒಳಗೆ ವ್ಯಾಸ 47.3, 15ಕ್ಕೆ 44.5, 10ಕ್ಕೆ 39, 5ಕ್ಕೆ 29.3, 2ಕ್ಕೆ 19.2, 1ಕ್ಕೆ 13.7. ಎಲ್ಲದಕ್ಕೂ ಅರ್ಧ ಮಿ.ಮೀ. ಹೆಚ್ಚು ಬಿಟ್ಟುಕೊಂಡು, ಟೇಲ್‌ಸ್ಟಾಕ್ ಸೆಂಟರ್ ಒತ್ತಿಟ್ಟುಕೊಂಡೇ ಮೆಟ್ಟಿಲು ಮುಗಿಸಿ. ತುದಿಯ ಸೆಂಟರ್ ಗುಳಿ ಕೊನೆಗೆ ಹೋಗಬೇಕಾದ್ದರಿಂದ ಆ ಕಡೆ ಉದ್ದ ಸ್ವಲ್ಪ ಹೆಚ್ಚಿರಲಿ. ಆಮೇಲೆ ಟೂಲನ್ನು ಕಮಾನಿನಂತೆ ತಿರುಗಿಸುವ ಬಾಲ್ ಟರ್ನಿಂಗ್ ಅಟ್ಯಾಚ್‌ಮೆಂಟ್, ಒಂದು ಸಲಕ್ಕೆ 0.2 ಮಿ.ಮೀ. ಅದರ ತಿರುಗುವ ಕೇಂದ್ರ ಸ್ಪಿಂಡಲ್ ಗೆರೆಯ ಕೆಳಗೇ ನೇರ ಬರಬೇಕು, ಆಚೀಚೆಯಾದರೆ ಗುಂಡಲ್ಲ, ನಿಂಬೆಹಣ್ಣು ಸಿಗುತ್ತದೆ. ಟೂಲಿನ ಎತ್ತರ ನೋಡಲು ಮ್ಯಾಂಡ್ರಲ್ಲಿಗೂ ಟೂಲ್ ತುದಿಗೂ ಮಧ್ಯೆ ತೆಳು ಸ್ಟೀಲ್ ಸ್ಕೇಲ್ ಮೆಲ್ಲಗೆ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಅಗಲದ ಫಾರ್ಮ್ ಟೂಲ್ ಒತ್ತಿ ಒಂದೇ ಏಟಿಗೆ ಗುಂಡು ಮಾಡುವುದು ಈ ಯಂತ್ರಕ್ಕಲ್ಲ. ಅಲ್ಯುಮಿನಿಯಂಗೆ ಪಾಲಿಶ್ ಮಾಡಿದ ಸಿಸಿಜಿಟಿ ಇನ್ಸರ್ಟ್ (ಟೂಲ್ ತುದಿಗೆ ಕೂರಿಸುವ ಹರಿತ ಕಾರ್ಬೈಡ್ ಬಿಲ್ಲೆ), 600–700 ಆರ್‌ಪಿಎಂ. ಯಂತ್ರದ ಜೊತೆ ಉಚಿತವಾಗಿ ಬರುವ ಕಾರ್ಬೈಡ್ ಬೆಸುಗೆಯ ಟೂಲ್ ಸೆಟ್ಟಿಗೆ ಸಾಣೆ ಹಿಡಿಯದೆ ಧಾರ ಇರುವುದಿಲ್ಲ.

ಪಾಲಿಶ್ ಹೊತ್ತಿಗೆ ಎಲ್ಲರೂ ಸಡಿಲವಾಗುತ್ತಾರೆ, ಕೈ ಹೋಗುವುದೂ ಆಗಲೇ. ಎಮರಿ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ತಿರುಗುವ ನಾಬಿಗೆ ಹಿಡಿದರೆ ಪಟ್ಟಿ ಸುತ್ತಿಕೊಳ್ಳುತ್ತದೆ, ಬೆರಳೂ ಅದರ ಜೊತೆಗೆ. ಎರಡೂ ತುದಿಯನ್ನು ಎರಡು ಕೈಯಲ್ಲಿ ಸಡಿಲವಾಗಿ ಹಿಡಿಯಿರಿ ಅಥವಾ ಮರದ ಪಟ್ಟಿಗೆ ಅಂಟಿಸಿ ಬಳಸಿ. ಕೈಗವಸು ಬೇಡವೇ ಬೇಡ. ಮಣಿಕಟ್ಟಿನ ದಾರ, ಕಡಗ, ಉಂಗುರ, ಕತ್ತಿನ ಸರ ತೆಗೆದಿಡಿ. ದೇವಸ್ಥಾನದ ದಾರ ಬಿಚ್ಚಬಾರದು ಅನ್ನುವವರು ಆ ದಿನ ಲೇತ್ ಮುಟ್ಟದಿರುವುದೇ ಸರಿ. ಚಕ್ ಕೀಗೆ ಸ್ಪ್ರಿಂಗ್ ಹಾಕಿಕೊಳ್ಳಿ, ಕೈ ಬಿಟ್ಟೊಡನೆ ತಾನೇ ಹೊರಬರುವಂತೆ.

ಸ್ಟೇನ್‌ಲೆಸ್ಸೇ ಬೇಕು ಅನ್ನುವವರಿಗೆ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಕಡೆಯ ಜಾಬ್ ವರ್ಕ್ ಶಾಪುಗಳಿವೆ. ಬರೀ ಹಳೇ ನಾಬ್ ಕೊಟ್ಟು 'ಇದೇ ಥರ' ಅನ್ನಬೇಡಿ. ಡ್ರಾಯಿಂಗಿನಲ್ಲಿ ಗುಂಡಿನ ವ್ಯಾಸ, ಒಟ್ಟು ಎತ್ತರ, ಥ್ರೆಡ್ ಪಿಚ್ ಸಮೇತ, ಪೂರ್ತಿ ಥ್ರೆಡ್ಡಿನ ಆಳ, ತೂತಿನ ಬಾಯಲ್ಲಿ 5 ಮಿ.ಮೀ. ಆಳದ ಥ್ರೆಡ್ ಇಲ್ಲದ ಜಾಗ ಎಲ್ಲ ಬರೆದಿರಲಿ. ಗೇರ್ ಪ್ಯಾಟರ್ನ್ ಕೆತ್ತಿಸುವುದಾದರೆ ಲಿವರಿನ ಮೇಲೆ ಲಾಕ್‌ನಟ್ ಕೂರುವ ಎತ್ತರವನ್ನು ಮೊದಲೇ ಕಳೆದುಕೊಳ್ಳಿ. ಪ್ಯಾಟರ್ನ್ ನೇರ ನಿಲ್ಲಿಸುವುದು ಆ ನಟ್ಟಿನಿಂದಲೇ.