ರಾಂಪರ್‌ಗೆ ಅಂಗಡಿಯಲ್ಲಿ ಟಿಚ್ ಬಟನ್ ಹೊಡೆಸುವ ಮುಂಚೆ ಇದನ್ನು ಓದಿ

ಮಗುವಿಗೆ ರಾಂಪರ್, ಬಾಡಿಸೂಟ್ ಮನೆಯಲ್ಲೇ ಹೊಲಿದು, ಟಿಚ್ ಬಟನ್ ಮಾತ್ರ ಅಂಗಡಿಗೆ ಕೊಟ್ಟು ಹೊಡೆಸುವವರು ಹಾಸನದಲ್ಲಿ ಬೇಕಾದಷ್ಟು ಜನ ಇದ್ದೀರಿ. ನಾನೂ ಹಾಗೇ ಮಾಡಿಸಿದ್ದೆ. ಆ ಬಟನ್ ಕಿತ್ತು ಬಂದು ನನ್ನ ತಂಗಿಯ ಏಳು ತಿಂಗಳ ಮಗನ ಗಂಟಲಿಗೆ ಸಿಕ್ಕಿಕೊಂಡಿತು. ದೇವರ ದಯೆ, ಮಗು ಈಗ ಆರಾಮಾಗಿದ್ದಾನೆ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ತಂಗಿ ಬಾಣಂತನಕ್ಕೆ ಬಂದವಳು ಇನ್ನೂ ನಮ್ಮಲ್ಲೇ ಇದ್ದಳು. ಮಧ್ಯಾಹ್ನದ ಹೊತ್ತು, ಮಗು ಚಾಪೆಯ ಮೇಲೆ ಅಂಗಾತ ಮಲಗಿ, ಕಾಲೆತ್ತಿ, ರಾಂಪರ್‌ನ ಕಾಲಿನ ಅಂಚನ್ನು ಬಾಯಿಗೆ ಎಳೆದುಕೊಂಡು ಚೀಪುತ್ತಿದ್ದ. ಹಲ್ಲು ಬರುವ ಸಮಯ, ಸಿಕ್ಕಿದ್ದೆಲ್ಲ ಬಾಯಿಗೆ. ಇದ್ದಕ್ಕಿದ್ದಂತೆ ಜೋರಾಗಿ ಕೆಮ್ಮಿದ. ಆಮೇಲೆ ಕೆಮ್ಮಿನ ಸದ್ದೇ ನಿಂತುಹೋಯಿತು. ಬಾಯಿ ತೆರೆದಿದೆ, ಅಳು ಹೊರಗೆ ಬರುತ್ತಿಲ್ಲ, ತುಟಿ ನೀಲಿಗಟ್ಟುತ್ತಿದೆ. ತಂಗಿ ನರ್ಸಿಂಗ್ ಓದಿದವಳು. "ಅಕ್ಕಾ, 108ಕ್ಕೆ ಫೋನ್ ಮಾಡು" ಅಂತ ಕೂಗಿ, ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಹೊಡೆದಳು. ನನಗೆ ನಂಬರ್ ಒತ್ತಲೂ ಕೈ ನಡುಗುತ್ತಿತ್ತು. ಜೊಲ್ಲಿನ ಜೊತೆ ಬಟನ್ನಿನ ಟೋಪಿ ಚಾಪೆಯ ಮೇಲೆ ಬಿತ್ತು. ಆಮೇಲೆ ಅವನು ಅತ್ತ ಅಳು ಕೇಳಿ ನಮಗೂ ಉಸಿರು ಬಂತು.

ಅವಳು ಮಾಡಿದ್ದನ್ನು ಮಗು ಇರುವ ಮನೆಯವರೆಲ್ಲ ಕಲಿತಿರಬೇಕು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದು ನಿಂತರೆ ಕಾಯಬೇಡಿ. ಒಂದು ವರ್ಷದೊಳಗಿನ ಮಗುವನ್ನು ಬೋರಲು ಹಿಡಿದು, ತಲೆ ಎದೆಗಿಂತ ಕೆಳಗಿರುವಂತೆ ಮಾಡಿ, ದವಡೆಗೆ ಆಸರೆ ಕೊಟ್ಟು, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಹೊಡೆಯಬೇಕು. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುಮೂಳೆಯ ಮೇಲೆ 5 ಸಲ ಒತ್ತಬೇಕು. ಹೊರಗೆ ಬರುವವರೆಗೂ ಒಂದಾದ ಮೇಲೊಂದು ಹೀಗೇ ಮಾಡುತ್ತಿರಬೇಕು. ಇಷ್ಟು ಚಿಕ್ಕ ಮಗುವಿನ ಹೊಟ್ಟೆ ಒತ್ತಬಾರದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಅದು ಇನ್ನೂ ಒಳಗೆ ಹೋಗುತ್ತದೆ. ನನ್ನ ಕೈ ಆವತ್ತು ಮೊದಲು ಹೋಗಿದ್ದು ಅವನ ಬಾಯಿಗೇ, ತಂಗಿ ತಳ್ಳಿಬಿಟ್ಟಳು.

ಆಮೇಲೂ ಆಸ್ಪತ್ರೆಗೆ ಹೋದೆವು. ಬಟನ್ನಿನ ಇನ್ನೊಂದು ಭಾಗ ಎಲ್ಲೂ ಸಿಕ್ಕಿರಲಿಲ್ಲ. ಲೋಹವಾದ್ದರಿಂದ ಎಕ್ಸ್-ರೇಯಲ್ಲಿ ಕಾಣುತ್ತದೆ ಅಂತ ಡಾಕ್ಟರ್ ತೆಗೆಸಿ ನೋಡಿದರು, ಒಳಗೆ ಏನೂ ಇರಲಿಲ್ಲ. ಪ್ಲಾಸ್ಟಿಕ್ ಬಟನ್ ಆಗಿದ್ದರೆ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲವಂತೆ. ಮನೆಗೆ ಬಂದು ಹುಡುಕಿದರೆ ಆ ಭಾಗ ಚಾಪೆ ಮಡಿಸಿದ ಸಂದಿಯಲ್ಲಿತ್ತು.

ಈಗ ಅಂಗಡಿಯ ವಿಷಯ. ನಾನು ಕೊಟ್ಟಿದ್ದು ಮೆತ್ತನೆಯ ಬನಿಯನ್ ಬಟ್ಟೆಯ ರಾಂಪರ್‌ಗಳು. ಎಳೆಮಗುವಿನ ಬಟ್ಟೆ, ಸುತ್ತಲೂ ಹಲ್ಲಿರುವ ರಿಂಗ್ ಬಟನ್ನೇ ಹಾಕಿ ಅಂತ ಬಾಯಿಬಿಟ್ಟು ಹೇಳಿದ್ದೆ. "ಏನೂ ಆಗಲ್ಲ ಮೇಡಂ, ಮಕ್ಕಳ ಬಟ್ಟೆಗೆಲ್ಲ ನಾವು ಅದೇ ಹಾಕೋದು" ಅಂದರು. ಮೇಲಿಂದ ನೋಡಿದರೆ ಎಲ್ಲ ಬಟನ್ನೂ ಒಂದೇ ಥರ, ದುಂಡಗೆ, ಬೆಳ್ಳಗೆ. ಕಿತ್ತುಬಂದ ಬಟನ್ ಹಿಡಿದುಕೊಂಡು ಹೋಗಿ ಕೇಳಿದರೆ, "ನಿಮ್ಮ ಬಟ್ಟೆ ತೆಳ್ಳಗಿದೆ, ಬಟನ್ ತಪ್ಪೇನಿಲ್ಲ" ಅಂದರು. ಒಂದು ಮಗುವಿನ ಉಸಿರು ನಿಂತಿತ್ತು ಅಂತ ಹೇಳಿದ ಮೇಲೂ ಹೊಸ ಬಟನ್ ಹೊಡೆದುಕೊಡುತ್ತೇವೆ ಅಂದರೇ ಹೊರತು, ಯಾವ ಬಟನ್ ಹಾಕಿದ್ದಿರಿ ಅನ್ನುವುದಕ್ಕೆ ಉತ್ತರ ಕೊಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಅಕ್ಕನಿಂದ. ಅವರು ಇಲ್ಲೇ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಮಾಡುತ್ತಾರೆ. ರಾಂಪರ್ ಒಳಮಗ್ಗುಲು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಟಿಚ್ ಬಟನ್‌ನಲ್ಲಿ ಎರಡು ಜಾತಿ. ಒಂದರಲ್ಲಿ ರಿಂಗಿನ ಸುತ್ತ ಸಣ್ಣ ಹಲ್ಲುಗಳಿರುತ್ತವೆ, ಅವು ಬಟ್ಟೆಯನ್ನು ಸುತ್ತಲೂ ಕಚ್ಚಿಕೊಳ್ಳುತ್ತವೆ. ಇನ್ನೊಂದರಲ್ಲಿ ನಡುವೆ ಒಂದೇ ಕಡ್ಡಿ, ಅದಕ್ಕೆ ಬಟ್ಟೆಯಲ್ಲಿ ತೂತು ಮಾಡಿ ತೂರಿಸಿ ಹೊಡೆಯುತ್ತಾರೆ. ಜಾಕೆಟ್, ಬ್ಯಾಗು, ದಪ್ಪ ಬಟ್ಟೆಗೆ ಕಡ್ಡಿಯ ಬಟನ್ ಸರಿ. ಬನಿಯನ್ ಬಟ್ಟೆ ನೇಯ್ದಿದ್ದಲ್ಲ, ಹೆಣೆದದ್ದು. ಕುಣಿಕೆಗೆ ಕುಣಿಕೆ ಸಿಕ್ಕಿಸಿಕೊಂಡು ನಿಂತಿರುವ ಬಟ್ಟೆ. ತೂತು ಮಾಡಿದ ಜಾಗದಲ್ಲಿ ಕುಣಿಕೆ ಹರಿದಿರುತ್ತದೆ, ಡೈಪರ್ ಬದಲಿಸುವಾಗ ಎಳೆದ ಹಾಗೆಲ್ಲ ಎಳೆ ಬಿಡುತ್ತಾ ತೂತು ಅಗಲವಾಗುತ್ತದೆ. ನಮ್ಮ ರಾಂಪರ್‌ನಲ್ಲಿ ಆಗಿದ್ದು ಅದೇ. ಕಿತ್ತುಹೋದ ಜಾಗದಲ್ಲಿ ಕಿರುಬೆರಳು ತೂರುವಷ್ಟು ತೂತು. ಉಳಿದ ಬಟನ್‌ಗಳ ಸುತ್ತಲೂ ಬಟ್ಟೆ ಜಾಳುಜಾಳಾಗಿ ಆಚೆಯ ಬೆಳಕು ಕಾಣುತ್ತಿತ್ತು. ಬೆರಳಲ್ಲಿ ಮುಟ್ಟಿದರೆ ಬಟನ್ ಸುಮ್ಮನೆ ತಿರುಗುತ್ತಿತ್ತು.

ಹಲ್ಲಿನ ಬಟನ್ ಆದರೂ ಬರೀ ಬನಿಯನ್ ಬಟ್ಟೆಯ ಮೇಲೆ ಹೊಡೆಸಬಾರದು ಅಂದರು ಅಕ್ಕ. ಕಾಲಿನ ಸಂದಿಯ ಪಟ್ಟಿಯನ್ನು ಎರಡು ಪದರ ಮಾಡಿ, ನಡುವೆ ತೆಳುವಾದ ಕ್ಯಾನ್ವಾಸನ್ನೋ ನೇಯ್ದ ಹತ್ತಿ ಬಟ್ಟೆಯ ಪಟ್ಟಿಯನ್ನೋ ಇಟ್ಟು ಹೊಲಿದು, ಅದರ ಮೇಲೆ ಹೊಡೆಸಬೇಕು. ಹಲ್ಲಿನ ಉದ್ದ ಆ ದಪ್ಪಕ್ಕೆ ಹೊಂದಬೇಕು. ಗಿಡ್ಡವಾದರೆ ಕಚ್ಚುವುದಿಲ್ಲ, ಉದ್ದವಾದರೆ ತುದಿ ಹೊರಗೆ ಚಾಚಿ ಮಗುವಿನ ತೊಡೆಗೆ ಗೀರುತ್ತದೆ. ಮೊದಲು ಅದೇ ಬಟ್ಟೆಯ ತುಂಡಿಗೆ ಒಂದು ಬಟನ್ ಹೊಡೆಸಿ, ಒಗೆದು ಒಣಗಿಸಿ, ಇಕ್ಕಳದಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಅದಕ್ಕೆ ಒಪ್ಪದ ಅಂಗಡಿಗೆ ಬಟ್ಟೆ ಕೊಡಬೇಡಿ. ಅಕ್ಕನ ಫ್ಯಾಕ್ಟರಿಯಲ್ಲಿ ಮಕ್ಕಳ ಬಟ್ಟೆಯ ಬಟನ್ನನ್ನು ಎಳೆದು ಪರೀಕ್ಷಿಸುವ ಉಪಕರಣವೇ ಇದೆ. ಸೂಜಿ ಮುರಿದರೆ ಎಲ್ಲ ಚೂರೂ ಸಿಗುವವರೆಗೆ ಆ ಮಷೀನಿನಲ್ಲಿ ಕೆಲಸ ಮುಂದುವರಿಸುವ ಹಾಗಿಲ್ಲವಂತೆ. ಮನೆಯಲ್ಲಿ ಹೊಲಿಯುವಾಗಲೂ ಅಷ್ಟೇ, ಮುರಿದ ಸೂಜಿಯ ತುದಿ ಸಿಗದಿದ್ದರೆ ಆ ಬಟ್ಟೆ ಮಗುವಿಗೆ ಬೇಡ.

ಎಷ್ಟು ಬಲ ತಡೆಯಬೇಕು ಅನ್ನುವುದಕ್ಕೆ ಆಟಿಕೆಗಳ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಯುರೋಪಿನ ಇಎನ್ 71 ಮಾನದಂಡದಲ್ಲಿ ಎಳೆಮಕ್ಕಳ ಆಟಿಕೆಯ ಮೇಲಿನ 6 ಮಿ.ಮೀ.ಗಿಂತ ದೊಡ್ಡ ಬಿಡಿಭಾಗ 90 ನ್ಯೂಟನ್ ಎಳೆತ ತಡೆಯಬೇಕು, ಅಂದರೆ ಸುಮಾರು 9 ಕೆ.ಜಿ. ತೂಕ ನೇತುಹಾಕಿದಷ್ಟು. ನನ್ನ ರಾಂಪರ್‌ನ ಬಟನ್ ಬರೀ ಬೆರಳಿಗೇ ಬಂತು. ಹಾಗೆಯೇ, ಮೂರು ವರ್ಷದೊಳಗಿನವರ ಆಟಿಕೆಯಿಂದ ಕಳಚಿದ ಭಾಗ 31.7 ಮಿ.ಮೀ. ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿದರೆ ಅದು ಗಂಟಲಿಗೆ ಸಿಕ್ಕುವ ವಸ್ತು ಅಂತಲೇ ಲೆಕ್ಕ. ನಮ್ಮ 10 ರೂಪಾಯಿ ನಾಣ್ಯದ ಅಗಲ 27 ಮಿ.ಮೀ., ಅದೂ ಆ ಕೊಳವೆಯಲ್ಲಿ ಇಳಿಯುತ್ತದೆ. ರಾಂಪರ್ ಬಟನ್ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನಾವು ಹೊಲಿದು ಅಂಗಡಿಯಲ್ಲಿ ಬಟನ್ ಹೊಡೆಸಿದ ಅಂಗಿಯನ್ನು ಪರೀಕ್ಷೆ ಮಾಡುವವರು ನಾವೇ.

ಪ್ಲಾಸ್ಟಿಕ್ ಟಿಚ್ ಬಟನ್ ಸಾಕಲ್ಲ ಅಂತ ಕೆಲವರು ಕೇಳಿದರು. ತುಕ್ಕು ಹಿಡಿಯುವುದಿಲ್ಲ, ನಿಕ್ಕಲ್ ತಾಗಿ ಚರ್ಮ ಕೆಂಪಾಗುವ ಭಯವಿಲ್ಲ, ನಿಜ. ಆದರೆ ಅದೂ ಒಂದೇ ಕಡ್ಡಿಯ ಮೇಲೆ ನಿಲ್ಲುವಂಥದ್ದು. ಪಟ್ಟಿಗೆ ಪದರ ಕೊಡದೆ ಹಾಕಿದರೆ ಅದೇ ಕಥೆ.

ಬಟನ್ನೇ ಕಡಿಮೆ ಮಾಡುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಬಾಡಿಸೂಟ್‌ಗೆ ಕುತ್ತಿಗೆಯ ಹತ್ತಿರ ಬಟನ್ ಬೇಕಾಗಿಲ್ಲ. ಹೆಗಲ ಮೇಲೆ ಮುಂದಿನ ಭಾಗ, ಹಿಂದಿನ ಭಾಗ ಒಂದರ ಮೇಲೊಂದು ಬರುವ ಹಾಗೆ ಕತ್ತರಿಸಿದರೆ ತಲೆ ಸಲೀಸಾಗಿ ತೂರುತ್ತದೆ. ಕಕ್ಕ ಮಾಡಿಕೊಂಡಾಗ ಅಂಗಿಯನ್ನು ತಲೆಯಿಂದ ಎಳೆಯದೆ ಹೆಗಲಿನಿಂದ ಕೆಳಕ್ಕೇ ಜಾರಿಸಬಹುದು. ಮೊದಲ ತಿಂಗಳುಗಳಿಗೆ ನಮ್ಮ ಹಳೆಯ ಜಬಲಾನೇ ಚೆನ್ನ. ಅಜ್ಜಿಯ ಹಳೆ ಸೀರೆಯ ಮೆತ್ತನೆ ಬಟ್ಟೆಯಲ್ಲಿ ಹೊಲಿದು, ಲಾಡಿಯನ್ನು ಗಿಡ್ಡವಾಗಿ, ಪಕ್ಕೆಗೆ ಬರುವಂತೆ ಇಡಿ. ಕುತ್ತಿಗೆಗೆ ಲಾಡಿ ಮಾತ್ರ ಬೇಡ, ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ.

ಬನಿಯನ್ ಬಟ್ಟೆಗೆ ಮಷೀನಿನಲ್ಲಿ ಬಾಲ್ ಪಾಯಿಂಟ್ ಸೂಜಿ ಹಾಕಿ. ಮಾಮೂಲಿ ಸೂಜಿ ಎಳೆ ಕತ್ತರಿಸುತ್ತದೆ, ಹೊಲಿಗೆಯ ಉದ್ದಕ್ಕೂ ಸಣ್ಣ ತೂತು ಬೀಳುತ್ತವೆ.

ನಾನು ಹೊಲಿದ ರಾಂಪರ್‌ಗಳು ಅರಸೀಕೆರೆಗೂ ಹೊಳೆನರಸೀಪುರಕ್ಕೂ ಉಡುಗೊರೆಯಾಗಿ ಹೋಗಿದ್ದವು. ಎಲ್ಲರಿಗೂ ಫೋನ್ ಮಾಡಿ ವಾಪಸ್ ತರಿಸಿಕೊಂಡೆ. ಬಟನ್ ಇದ್ದ ಪಟ್ಟಿಯನ್ನು ಪೂರ್ತಿ ಕತ್ತರಿಸಿ, ಕ್ಯಾನ್ವಾಸ್ ಕೊಟ್ಟ ಹೊಸ ಪಟ್ಟಿ ಹೊಲಿದು, ಅಕ್ಕ ಎದುರಿಗೆ ನಿಂತು ಹೊಡೆಸಿದ ಹಲ್ಲಿನ ಬಟನ್ ಹಾಕಿ, ಒಂದೊಂದನ್ನೂ ಎಳೆದು ನೋಡಿ ಕಳಿಸುತ್ತಿದ್ದೇನೆ. ನಿಮ್ಮಲ್ಲಿಯೂ ಹೀಗೆ ಹೊಡೆಸಿದ ಬಟ್ಟೆ ಇದ್ದರೆ ಇವತ್ತೇ ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಬಟನ್ ಸುತ್ತ ಬಟ್ಟೆ ಜಾಳಾಗಿದ್ದರೆ, ಬಟನ್ ಬೆರಳಲ್ಲಿ ತಿರುಗಿದರೆ, ಮಗುವಿಗೆ ಹಾಕಬೇಡಿ. ನಿಮ್ಮ ಮಗುವಿಗೆ ಚಿಕ್ಕದಾಯಿತು ಅಂತ ಆ ಅಂಗಿಯನ್ನು ಯಾರಿಗಾದರೂ ಕೊಟ್ಟಿದ್ದರೆ, ಅವರಿಗೂ ಒಂದು ಫೋನ್ ಮಾಡಿ.