ಬೆರಳಿಗೆ ತೊಡುವ ಸಿಲಿಕೋನ್ ಬ್ರಷ್: ಹತ್ತು ತಿಂಗಳ ಬಳಕೆಯ ನಂತರ

ಮಗಳಿಗೆ ಏಳನೆಯ ತಿಂಗಳಲ್ಲಿ ಕೆಳಗಿನ ಎರಡು ಬಾಚಿಹಲ್ಲುಗಳು ಮೂಡಿದ ವಾರವೇ ಮೈಸೂರಿನ ಔಷಧಿ ಅಂಗಡಿಯೊಂದರಲ್ಲಿ 150 ರೂಪಾಯಿಗೆ ಬೆರಳಿಗೆ ತೊಡುವ ಸಿಲಿಕೋನ್ ಬ್ರಷ್ ಕೊಂಡುಕೊಂಡೆ. ತುದಿಯ ಒಂದು ಬದಿಯಲ್ಲಿ ಮೆತ್ತನೆಯ ಚಿಕ್ಕ ಮುಳ್ಳುಗಳಿರುವ ಈ ಟೊಪ್ಪಿಗೆಯೊಂದಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೂ ಬರುತ್ತದೆ. ಹತ್ತು ತಿಂಗಳು ದಿನಕ್ಕೆರಡು ಬಾರಿ ಬಳಸಿದ್ದರಿಂದ, ಇದನ್ನು ಕೊಳ್ಳಬೇಕೆಂದಿರುವ ತಾಯ್ತಂದೆಯರಿಗೆ ತಿಳಿಸಬೇಕಾದದ್ದು ಕೆಲವಿದೆ.

ಮೊದಲ ನಾಲ್ಕೈದು ತಿಂಗಳು ಇದು ಒಳ್ಳೆಯ ಕೆಲಸ ಮಾಡಿತು. ಹಲ್ಲು ಬರುವಾಗ ಒಸಡು ನವೆಯಾಗಿ ಕಂಡದ್ದನ್ನೆಲ್ಲ ಕಚ್ಚುತ್ತಿದ್ದ ಮಗು, ಮಡಿಲಲ್ಲಿ ಅಂಗಾತ ಮಲಗಿಸಿ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಸುಮ್ಮನಾಗುತ್ತಿತ್ತು. ಬಾಯಿಗೆ ಏನಾದರೂ ಹೋದರೆ ಅಳದೆ ತೆರೆದುಕೊಳ್ಳುವ ಅಭ್ಯಾಸ ಅವಳಿಗೆ ಆದದ್ದು ಇದರಿಂದಲೇ ಎಂದು ನಂಬಿದ್ದೇನೆ. ಆದರೆ ಇದೇ ಕೆಲಸವನ್ನು ನಮ್ಮ ಅತ್ತೆಯವರು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಮೆತ್ತನೆಯ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಅಷ್ಟೇ ಚೆನ್ನಾಗಿ ಮಾಡುತ್ತಿದ್ದರು. ಹಲ್ಲು ಮೂಡುವ ಮುನ್ನ ಆ ಬಟ್ಟೆಯೇ ಸಾಕು ಎನ್ನುವುದು ನನ್ನ ಅನುಭವ.

ಕೊರತೆ ಕಾಣಿಸಿಕೊಂಡದ್ದು ದವಡೆ ಹಲ್ಲುಗಳು ಬಂದ ಮೇಲೆ. ರಾಗಿ ಸರಿ ಅಥವಾ ಬಾಳೆಹಣ್ಣು ತಿಂದ ನಂತರ ದವಡೆಯ ಗುಳಿಗಳಲ್ಲಿ ಸಿಕ್ಕಿಕೊಳ್ಳುವ ತುಣುಕನ್ನು ಸಿಲಿಕೋನಿನ ಮೊಂಡು ಮುಳ್ಳುಗಳು ಎಬ್ಬಿಸಲಾರವು. ಅವು ಮೇಲೆ ಜಾರಿಹೋಗುತ್ತವೆ. ಬೆರಳಿನ ದಪ್ಪವೂ ಸೇರುವುದರಿಂದ ಹಿಂದಿನವರೆಗೆ ತಲುಪುವುದು ಕಷ್ಟ, ಅಷ್ಟರಲ್ಲಿ ಮಗು ಕಚ್ಚುತ್ತದೆ. ಒಮ್ಮೆ ಕಚ್ಚಿದ ರಭಸಕ್ಕೆ ಬುಡದಲ್ಲಿ ಸಣ್ಣ ಸೀಳು ಬಿಟ್ಟಿತು. ತುಂಡು ಕಿತ್ತು ಗಂಟಲಿಗೆ ಹೋಗಬಹುದಾದ್ದರಿಂದ ಪ್ರತಿ ಸಲವೂ ಎಳೆದು ನೋಡಬೇಕು. ಡಬ್ಬಿಗೆ ಗಾಳಿಯಾಡುವ ರಂಧ್ರವಿಲ್ಲದೆ ಒದ್ದೆ ಬ್ರಷ್ ಮುಗ್ಗುವಾಸನೆ ಹಿಡಿಯಿತು. ತೊಳೆದು ಹೊರಗೆ ಒಣಗಿಸುವುದೇ ಸರಿ.

ಹದಿನೇಳನೆಯ ತಿಂಗಳಲ್ಲಿ ತುಟಿ ಎತ್ತಿ ನೋಡಿದಾಗ ಮೇಲಿನ ಬಾಚಿಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ ಸರಿಯಾಗಿ, ಸುಣ್ಣ ಬಳಿದಂತಹ ಬಿಳಿ ಗೆರೆ ಕಂಡಿತು. ಮಕ್ಕಳ ದಂತವೈದ್ಯರು ನನ್ನೆದುರು ಕುಳಿತು ತಮ್ಮ ಮೊಣಕಾಲುಗಳನ್ನು ನನ್ನವಕ್ಕೆ ತಾಗಿಸಿ, ಮಗುವಿನ ತಲೆಯನ್ನು ತಮ್ಮ ಮಡಿಲಿಗೆ ಒರಗಿಸಿಕೊಂಡು ಪರೀಕ್ಷಿಸಿ, ಇದು ಹುಳುಕಿನ ಮೊದಲ ಗುರುತೆಂದೂ, ಗುಳಿ ಬೀಳುವ ಮುನ್ನ ಎಚ್ಚೆತ್ತರೆ ಹಿಂದಕ್ಕೆ ತಿರುಗಿಸಬಹುದೆಂದೂ ಹೇಳಿದರು. ಇದರ ಹೊಣೆಯನ್ನು ಬ್ರಷ್ ಒಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ: ಸಂಜೆ ಉಜ್ಜಿದ ನಂತರ ನಾವು ಹಾಲಿನ ಬಾಟಲಿ ಕೊಟ್ಟು ಮಲಗಿಸುತ್ತಿದ್ದೆವು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಾಲಿನ ಸಕ್ಕರೆ ರಾತ್ರಿಯಿಡೀ ಹಲ್ಲಿಗೆ ಅಂಟಿರುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಕಾಯುತ್ತದೆ, ಮೇಲಿನವು ಮೊದಲು ಕೆಡುತ್ತವೆ.

ಅಂದಿನಿಂದ ಚಿಕ್ಕ ತಲೆಯ, ಮೆತ್ತನೆಯ ನಾರಿನ ಮಕ್ಕಳ ಟೂತ್‌ಬ್ರಷ್ ಬಳಸುತ್ತಿದ್ದೇವೆ. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚುತ್ತೇವೆ; ಮೂರು ವರ್ಷದ ನಂತರ ಅದು ಬಟಾಣಿ ಕಾಳಿನಷ್ಟಾಗಬಹುದಂತೆ. ಸಿಲಿಕೋನ್ ಬ್ರಷ್‌ನಲ್ಲಿ ಈ ಅಕ್ಕಿಕಾಳಿನಷ್ಟು ಪೇಸ್ಟೂ ಹಲ್ಲಿಗೆ ತಾಗದೆ ನಾಲಿಗೆಗೆ ಸವರಿಹೋಗುತ್ತಿತ್ತು. ಇಲ್ಲೊಂದು ಮಾತು: ನನ್ನ ತವರು ಪಾವಗಡವೆಂದು ತಿಳಿದ ವೈದ್ಯರು ಮಗು ಅಲ್ಲಿ ಯಾವ ನೀರು ಕುಡಿಯುತ್ತದೆ ಎಂದು ವಿಚಾರಿಸಿಯೇ ಪೇಸ್ಟ್ ಸೂಚಿಸಿದರು. ಅಲ್ಲಿನ ಹಾಗೂ ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ; ಅದು ಅತಿಯಾದರೆ ಹಲ್ಲಿನ ಮೇಲೆ ಕಲೆ ಬೀಳುವುದರಿಂದ ಆ ಕಡೆಯವರು ವೈದ್ಯರನ್ನು ಕೇಳಿ ನಿರ್ಧರಿಸುವುದು ಒಳಿತು.

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಎಂಬ ಮಾತನ್ನು ನಮ್ಮ ಮನೆಯಲ್ಲೂ ಕೇಳಿದ್ದೇನೆ. ಇಪ್ಪತ್ತು ಹಾಲುಹಲ್ಲುಗಳಲ್ಲಿ ಹಿಂದಿನ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇದ್ದು ಕಾಯಂ ಹಲ್ಲಿಗೆ ಜಾಗ ಕಾಯುತ್ತವೆ ಎಂಬುದು ತಿಳಿದಿದ್ದರೆ ನಾನು ಬ್ರಷ್ ಬದಲಿಸಲು ಇಷ್ಟು ತಡ ಮಾಡುತ್ತಿರಲಿಲ್ಲ.

ಆದ್ದರಿಂದ ಈ ವಸ್ತುವಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕೊಳ್ಳುವವರು ಗಾಳಿಯಾಡುವ ಡಬ್ಬಿಯಿರುವುದನ್ನೂ, ಬೆರಳಿಗೆ ಬಿಗಿಯಾಗಿ ಕೂರುವುದನ್ನೂ ಆರಿಸಿಕೊಳ್ಳಲಿ, ದವಡೆ ಹಲ್ಲು ಮೂಡಿದ ದಿನವೇ ನಾರಿನ ಬ್ರಷ್‌ಗೆ ಬದಲಾಗಲಿ.