ಬೆಂಗಳೂರಲ್ಲಿ ಮನೆ: ಬಾಡಿಗೆಗೋ, ಲೀಸಿಗೋ?

ಎರಡು ಮೂರು ವರ್ಷಕ್ಕೆ ಒಟ್ಟಿಗೆ ದುಡ್ಡು ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಖಾಲಿ ಮಾಡುವಾಗ ಪೂರ್ತಿ ವಾಪಸ್. ಲೀಸು ಆಸೆ ಹುಟ್ಟಿಸುವುದೇ ಇದಕ್ಕೆ. ಚೀಟಿ ಎತ್ತಿ, ಒಡವೆ ಅಡವಿಟ್ಟು ಹೋಗುವ ಡ್ರೈವರ್, ಗಾರ್ಮೆಂಟ್ಸ್ ಕುಟುಂಬಗಳು ಎಷ್ಟೋ. ಸ್ವಲ್ಪ ಲೆಕ್ಕ ಹಾಕಿ: 5 ಲಕ್ಷವನ್ನು ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ ತಂದರೆ ಬಡ್ಡಿಯೇ 10,000. ಅದೇ ಮನೆ 9,000 ಬಾಡಿಗೆಗೆ ಸಿಗುವುದಾದರೆ ಲೀಸು ನಷ್ಟ ಅಲ್ವಾ? ಸ್ವಂತ ಉಳಿತಾಯ ಇದ್ದರೆ ಮಾತ್ರ ಯೋಚಿಸಿ.

ದೊಡ್ಡ ಭಯ ಬೇರೆಯೇ ಇದೆ. ಓನರ್ ಆ ಮನೆ ಮೇಲೆ ಮೊದಲೇ ಸಾಲ ಮಾಡಿ ಕಂತು ಕಟ್ಟದೆ ಹೋದರೆ, ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿ ಮನೆಯನ್ನು ಹರಾಜು ಹಾಕುತ್ತಾರೆ, ಆಗ ಲೀಸಿನವರು ಮನೆಯನ್ನೂ ಬಿಟ್ಟು, ವರ್ಷಗಟ್ಟಲೆ ಕೂಡಿಟ್ಟ ದುಡ್ಡಿಗಾಗಿ ಓನರ್ ಹಿಂದೆ ಕೋರ್ಟು ಅಲೆಯಬೇಕಾಗುತ್ತದೆ. ಬಡವರಿಗೆ ಇದಕ್ಕಿಂತ ಅನ್ಯಾಯ ಇಲ್ಲ. ಇಸಿ (ಆಸ್ತಿ ಮೇಲೆ ನೋಂದಣಿಯಾದ ಸಾಲ, ಋಣ ತೋರಿಸುವ ಪತ್ರ) ತೆಗೆಸಿ, ಮೂಲ ಪತ್ರ ಓನರ್ ಕೈಯಲ್ಲೇ ಇದೆಯಾ ಕಣ್ಣಾರೆ ನೋಡಿ. ಒಂದು ವರ್ಷ ಮೀರಿದ ಲೀಸು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಲೇಬೇಕು. ಬರೀ ಸ್ಟಾಂಪ್ ಪೇಪರ್ ಸಾಲದು.

ಬಾಡಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುವ ದುಡ್ಡು ಕಡಿಮೆ. ಆದರೆ 11 ತಿಂಗಳ ಕರಾರು ಮುಗಿದಾಗೆಲ್ಲ ಏರಿಕೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ, ಅದು ಮಾದರಿ ಅಷ್ಟೇ, ಇಲ್ಲಿ 10 ತಿಂಗಳದ್ದು ಕೇಳುವವರೂ ಇದ್ದಾರೆ. ಚೌಕಾಸಿ ಮಾಡಿ, ನಾಚಿಕೆ ಬೇಡ. ಸಾಲ ಮಾಡಿ ಲೀಸಿಗೆ ಹೋಗುವುದಕ್ಕಿಂತ ಬಾಡಿಗೆಯೇ ವಾಸಿ.